ಹುಲಗವ್ವನ ಗುಂಡುಕಲ್ಲು

"ಏ ಬಾಯೀ! ಪೀಛೇ ಸೇ, ಪೀಛೇ ಸೇ! ಲೇಬರ್ ಕಾ ಗೇಟ್ ಪೀಛೇ ಹೈ, ದಿಖ್ತಾ ನಹೀ?"

ಕೂಲಿಯವರು ಹಿಂದಿನ ಗೇಟಿನಿಂದ ಬರಬೇಕೆಂದು ಕೂಗಿದ ಸ್ಮಾರಕದ ವಾಚ್‌ಮನ್‌ನ ಕೋಲು ಚಂಪಾಳ ಹೊಟ್ಟೆಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಚಂಪಾ ಹಿಂದೆ ಸರಿಯಲಿಲ್ಲ. ಸೀರೆಗೆ ಮೆತ್ತಿದ್ದ ಸಿಮೆಂಟನ್ನು ಬೆಳಿಗ್ಗೆ ಎದ್ದವಳೇ ಕುಕ್ಕಿ ಕುಕ್ಕಿ ಒಗೆದಿದ್ದಳು. ಹೋಗಿರಲಿಲ್ಲ. ಅದನ್ನು ನೋಡಿಯೇ ಅವನು ಕೋಲೆತ್ತಿದ್ದು.

"ಹಮ್ ಕಾಮ್ ಕೋ ನೈ ಆಯಾ," ಎಂದಳು. ಕಟ್ಟಡದ ಕೆಲಸದಲ್ಲಿ ಕಲಿತ ಹಿಂದಿ. ಗಂಡು ಹೆಣ್ಣು ಅದರಲ್ಲಿ ಎಲ್ಲ ಒಂದೇ. "ದೇಖ್ನೇ ಕೋ ಆಯಾ." ಕೆಲಸಕ್ಕಲ್ಲ, ನೋಡಲು ಬಂದದ್ದು ಅಂತ.

ವಾಚ್‌ಮನ್ ನಕ್ಕ. ಇಲ್ಲಿ ಸತ್ತವರೆಲ್ಲ ಕಾರು ಇಟ್ಟವರು, ನಿನ್ನ ಪೈಕಿ ಯಾರು ಸತ್ತಿದ್ದಾರೆ ಇಲ್ಲಿ ಅಂತ ಕೇಳಿದ.

ಅವಳ ಹಿಂದೆ ನಿಂತಿದ್ದ ಅಪ್ಪ ದುರಗಪ್ಪ ಮುಂದೆ ಬಂದ. ಎರಡೂ ಕೈ ಜೋಡಿಸಿದ. ಬೊಚ್ಚು ಬಾಯಿ ತುಂಬ ನಗುತ್ತ, ಸೊಂಟ ಬಾಗಿಸಿ, ಬಹಳ ವಿನಯದಿಂದ ಹೇಳಿದ: "ಲೇ ಬಾಡ್ಯಾ, ನಿಮ್ಮೌನ್, ಸತ್ತವರ ಮನಿ ಕಾಯೂ ನಾಯಿ, ಏಟ್ ಸೊಕ್ಕ ಬಂದೈತಲೇ ನಿನಗ. ನಿನ್ನ ಹೆಣಾ ಎತ್ತ, ಸರಿಯಲೇ ಆಕಡೆ."

"ಹಾಂ ಹಾಂ, ಠೀಕ್ ಹೈ ಬಾಬಾ," ಎಂದು ವಾಚ್‌ಮನ್ ಮೆತ್ತಗಾದ. ಮುದುಕ ಆಶೀರ್ವಾದ ಮಾಡಿದನೆಂದು ತಿಳಿದ.

ದುರಗಪ್ಪನ ಹಳೆಯ ವಿದ್ಯೆ ಇದು. ಇಳಕಲ್ಲಿನ ಕಲ್ಲುಗಣಿ ಬಿಟ್ಟು ಸೂರತ್, ಬರೋಡಾ, ಅಹಮದಾಬಾದ್ ಎಂದು ಊರೂರಿನ ಬಂಗಲೆಗಳಿಗೆ ಕಲ್ಲು ಹಾಸುತ್ತ ಬಂದ ವಡ್ಡ ಅವನು. ಇಷ್ಟು ವರ್ಷದಲ್ಲಿ ಸೇಠರನ್ನು, ಮುಕಾದಮರನ್ನು, ಪೊಲೀಸರನ್ನು ಹೀಗೇ ಕೈಮುಗಿದು ಕನ್ನಡದಲ್ಲಿ ಬೈದಿದ್ದ. ಒಬ್ಬರಿಗೂ ಗೊತ್ತಾಗಿರಲಿಲ್ಲ. ಬರೋಡಾದ ಸೇಠನೊಬ್ಬ ಬೈಸಿಕೊಂಡು ಖುಷಿಯಾಗಿ ತನ್ನ ಹಳೆಯ ಸ್ವೆಟರನ್ನೇ ಕೊಟ್ಟಿದ್ದ. ಈಗ ಮೈಮೇಲಿದ್ದದ್ದು ಅದೇ.

ಚಪ್ಪಲಿ ಬಿಡಿಸಿದರು. ಉಳಿದವರು ಹಾಗೇ ಒಳಗೆ ಹೋಗುತ್ತಿದ್ದರು. ಇವರಿಬ್ಬರನ್ನು ನಿಲ್ಲಿಸಿ ವಾಚ್‌ಮನ್ ಗಿಡಕ್ಕೆ ಹಾಕುವ ಪೈಪಿನಿಂದ ಕಾಲ ಮೇಲೆ ನೀರು ಬಿಟ್ಟ. ಜನವರಿಯ ಚಳಿ. ದುರಗಪ್ಪ ಕುಣಿದಾಡಿದ.

"ತೊಳಿ, ತೊಳಿ. ಈ ಬಿಲ್ಡಿಂಗಿನ ಪಾಯಾಕ್ಕ ಹಾಕಿದ ಮಣ್ಣೂ ಇಂಥಾ ಕಾಲಿಂದನ ತುಳದದ್ದಲೇ."

"ಸುಮ್ನ ಬಾ ಯಪ್ಪಾ," ಎಂದಳು ಚಂಪಾ. "ಬಂದದ್ದ ಯಾತಕ್ಕ, ಅದನ್ನಷ್ಟ ನೋಡೂಣು."

ಬಂದದ್ದು ಒಂದು ಕಲ್ಲಿಗೆ.

ಎರಡು ವರ್ಷದ ಹಿಂದೆ ಇದೇ ದಿನ, ಗಣರಾಜ್ಯೋತ್ಸವದ ಬಾವುಟ ಏರಿಸುವ ಹೊತ್ತಿಗೆ ನೆಲ ನಡುಗಿ ಅಹಮದಾಬಾದಿನ ಈ ಜಾಗದಲ್ಲಿದ್ದ ಮಂಥನ್ ಟವರ್ ಕೂತಲ್ಲೇ ಕೂತುಬಿಟ್ಟಿತ್ತು. ಏಳು ಮಹಡಿ ಒಂದರ ಮೇಲೊಂದು. ಕೆಳಗಿನ ಬೇಸ್‌ಮೆಂಟಿನಲ್ಲಿ, ಕಾರು ನಿಲ್ಲಿಸುವ ಜಾಗದಲ್ಲಿ ತಾಡಪಾಲು ಕಟ್ಟಿಕೊಂಡು ಇವರು ಮೂವರು ಇದ್ದರು: ದುರಗಪ್ಪ, ಅವನ ಹೆಂಡತಿ ಹುಲಗವ್ವ, ಮಗಳು ಚಂಪಾ. ಮೇಲಿನ ಮನೆಯೊಂದಕ್ಕೆ ಹೊಸ ಕಲ್ಲು ಹಾಸುವ ಕೆಲಸ ನಡೆದಿತ್ತು. ಅಪ್ಪ ಮಗಳು ಕೊಡ ಹಿಡಿದು ರಸ್ತೆಯಾಚೆ ನೀರಿಗೆ ಹೋದವರು ಉಳಿದರು. ಹುಲಗವ್ವ ಒಳಗೆ ಉಳಿದಳು. ಮೇಲಿನ ಮನೆಯವರನ್ನು ಹುಡುಕಿ ಹುಡುಕಿ ತೆಗೆದರು. ಕೆಳಗಿನದನ್ನು ಯಂತ್ರದಲ್ಲಿ ಬಾಚಿ ಲಾರಿಗೆ ತುಂಬಿದರು. ಅವ್ವ ಒಳಗೆ ಇದ್ದಾಳೆ ಎಂದು ಚಂಪಾ ಲಾರಿಯ ಹಿಂದೆ ಓಡಿದಾಗ ಬಿಲ್ಡರನ ಕಡೆಯವರು ಒಂದೇ ಮಾತು ಹೇಳಿದರು: "ಬೇಸ್‌ಮೆಂಟ್ ಖಾಲೀ ಥಾ." ಪೇಪರಿನವರಿಗೂ ಅದನ್ನೇ ಹೇಳಿದರು, ಕೋರ್ಟಿನಲ್ಲೂ ಅದನ್ನೇ ಹೇಳಿದರು. ಕಾರು ನಿಲ್ಲಿಸುವ ಜಾಗದಲ್ಲಿ ಕೂಲಿಯವರನ್ನು ಇಟ್ಟಿದ್ದೇವೆ ಎಂದು ಯಾವ ಬಿಲ್ಡರ್ ಒಪ್ಪುತ್ತಾನೆ? ಹೀಗೆ ಹುಲಗವ್ವ ಸಾಯಲೇ ಇಲ್ಲ. ಇರಲೂ ಇಲ್ಲ.

ಹೋದ ವಾರ ಪಕ್ಕದ ಜೋಪಡಿಯ ಕಮಲಾ ಏದುಸಿರು ಬಿಡುತ್ತ ಬಂದಿದ್ದಳು. ಹೊಸದಾಗಿ ಆದ ಈ ಸ್ಮಾರಕದಲ್ಲಿ ಅವಳಿಗೆ ನೆಲ ಒರೆಸುವ ಕೆಲಸ ಸಿಕ್ಕಿತ್ತು.

"ಚಂಪಿ, ನಿಮ್ಮವ್ವನ ಗುಂಡುಕಲ್ಲ ಅಲ್ಲೈತಿ. ನನ್ನ ಕಣ್ಣಾಣಿ ಐತಿ. ನಾ ಎಷ್ಟ ಸಲ ಕಡಾ ಇಸ್ಕೊಂಡ ಕಾರಾ ಅರದೀನಿ, ನನಗ ಗುರ್ತ ಸಿಗೂದಿಲ್ಲೇನ?"

"ಕಪಾಟಿನ್ಯಾಗ ಇಟ್ಟಾರೇನ?"

"ಕಪಾಟಿನ್ಯಾಗಲ್ಲ. ದೇವರ ಮಾಡ್ಯಾರ."

ಮಣ್ಣು ಮಾಡಲು ಹೆಣ ಸಿಕ್ಕಿರಲಿಲ್ಲ. ಕಲ್ಲನ್ನಾದರೂ ಇಳಕಲ್ಲಿಗೆ ಒಯ್ದು ಹೂಳಬೇಕು, ಹೂಳಿ ಮೇಲೆ ಅವ್ವನ ಹೆಸರು ಹೇಳಬೇಕು. ಚಂಪಾ ಅದನ್ನು ನಿಶ್ಚಯ ಮಾಡಿಕೊಂಡೇ ಬಂದಿದ್ದಳು.

ಒಳಗೆ ತಣ್ಣಗಿತ್ತು. ಗೋಡೆಯ ಮೇಲೆ ಸತ್ತವರ ಫೋಟೋ, ಪ್ರತಿಯೊಂದರ ಮೇಲೂ ಒಂದು ಸಣ್ಣ ದೀಪ. ಗಾಜಿನ ಪೆಟ್ಟಿಗೆಗಳಲ್ಲಿ ಜಜ್ಜಿದ ಕುಕ್ಕರ್, ಒಂದು ಸ್ಕೂಟರಿನ ಹ್ಯಾಂಡಲ್, ಮಗುವಿನ ಷೂ, ಸೊಟ್ಟಗಾದ ಟೀವಿ. ಸಾಲಾಗಿ ನಿಂತುಹೋದ ಗಡಿಯಾರಗಳು.

"ಇವ್ಯಾಕ ಇಷ್ಟ ಗಡಿಯಾರ?" ಎಂದ ದುರಗಪ್ಪ.

"ಸತ್ತ ಹೊತ್ತ ತೋರ್ಸಾಕ."

"ಹಾಂ. ಅದಕ್ಕ ನಿಮ್ಮವ್ವನ ಲೆಕ್ಕ ಬಿಟ್ಟಾರ. ನಮ್ಮ ಗುಡಿಸಲದಾಗ ಗಡಿಯಾರ ಇರಲಿಲ್ಲ ನೋಡ."

ಒಂದು ಕೋಣೆಯ ಮುಂದೆ ಕೇಕೆ ಕೇಳಿಸುತ್ತಿತ್ತು. ಶಾಲೆಯ ಮಕ್ಕಳು ನೂಕಾಡುತ್ತಿದ್ದರು. ಒಳಗೆ ಒಂದು ಹಲಗೆ, ಅದರ ಕೆಳಗೆ ಮೋಟಾರು. ಗುಂಡಿ ಒತ್ತಿದರೆ ಹಲಗೆ ಗಡಗಡ ನಡುಗುತ್ತದೆ; ಭೂಕಂಪ ಹೇಗಿರುತ್ತದೆ ಎಂದು ಜನ ತಿಳಿಯಲಿ ಅಂತ. ಮಕ್ಕಳು ಇಳಿದು ಮತ್ತೆ ಹಿಂದಿನಿಂದ ಸಾಲಿಗೆ ಬರುತ್ತಿದ್ದರು. ದುರಗಪ್ಪನೂ ಹತ್ತಿ ನಿಂತ. ಗುಂಡಿ ಒತ್ತುವ ಹುಡುಗಿ ಕಂಬಿ ಹಿಡಿದುಕೋ ಎಂದು ಸನ್ನೆ ಮಾಡಿದಳು. ಹಲಗೆ ನಡುಗಿತು. ಮುದುಕ ಕಂಬಿ ಹಿಡಿಯಲಿಲ್ಲ, ಕಣ್ಣು ಮುಚ್ಚಿ ನಿಂತಿದ್ದ. ಇಳಿದು ಚಂಪಾಳ ಹತ್ತಿರ ಬಂದ.

"ಹೆಂಗಿತ್ತ ಯಪ್ಪಾ?"

"ಇದಕ್ಕಿಂತಾ ಬರೋಡಾದ ಬಸ್ಸ ಚೊಲೋ ಕುಣಸತೈತಿ," ಎಂದ. ಕಣ್ಣೊರೆಸಿಕೊಂಡದ್ದನ್ನು ಚಂಪಾ ನೋಡಿಯೂ ನೋಡದವಳಂತೆ ಮಾಡಿದಳು.

ಕೊನೆಯ ಕೋಣೆಯಲ್ಲಿ ಅಗರಬತ್ತಿಯ ಹೊಗೆ. ಕಂಬಿಯ ಕಟಾಂಜನದ ಒಳಗೆ ಬಿಳಿ ಅಮೃತಶಿಲೆಯ ಪೀಠ, ಒಂದು ಕಡೆ ತೀರ್ಥ ಹರಿಯಲು ಬಾಯಿ, ನಡುವಿನ ಕುಳಿಯಲ್ಲಿ ಕೆಂಪು ಕಲ್ಲು. ಮೇಲೆ ತೂಗುಬಿಟ್ಟ ತಾಮ್ರದ ಪಾತ್ರೆಯಿಂದ ಹಾಲು ಹನಿಯುತ್ತಿತ್ತು. ಕಲ್ಲಿನ ನೆತ್ತಿಯ ಕೆಳಗೆ ಅಡ್ಡಡ್ಡ ಮೂರು ಗೆರೆ, ಗೆರೆಯೊಳಗೆ ಗಂಧ.

ಚಂಪಾಳ ಕಾಲು ನಿಂತಿತು.

ಇಳಕಲ್ಲಿನ ಕೆಂಪು ಕಲ್ಲು. ಲಗ್ನವಾದ ವರ್ಷ ದುರಗಪ್ಪ ತಾನೇ ಕಟೆದು ಹೆಂಡತಿಗೆ ಕೊಟ್ಟದ್ದು. ಒದ್ದೆ ಕೈಯಲ್ಲಿ ಜಾರುತ್ತದೆ, ಇಂಥ ದರಿದ್ರ ಗುಂಡು ಕಟೆಯಲು ನೀನೇ ಆಗಬೇಕಿತ್ತೇನು ಎಂದು ಹುಲಗವ್ವ ಬೈದಿದ್ದಳಂತೆ. ಹಿಡಿತ ಬರಲೆಂದು ಅವನು ಉಳಿ ಹಿಡಿದು ಮೂರು ಗೀಟು ಎಳೆದಿದ್ದ. ಆಮೇಲೆ ಊರೂರು ತಿರುಗಿದಾಗಲೂ ಹುಲಗವ್ವ ಪಾತ್ರೆ ಬಿಟ್ಟಾಳು, ಹಾಸಿಗೆ ಬಿಟ್ಟಾಳು, ಆ ಕಲ್ಲು ಬಿಟ್ಟವಳಲ್ಲ. ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು.

ಸಾಲಿನಲ್ಲಿ ಮುಂದೆ ನಿಂತಿದ್ದ ಮುದುಕಿ ತಿರುಗಿ ನೋಡಿದಳು. ಬಿಳಿ ಸೀರೆ, ಕೈಯಲ್ಲಿ ಹಾಲಿನ ತಂಬಿಗೆ. ಚಂಪಾಳ ಸೀರೆಯ ಸಿಮೆಂಟು ಕಂಡು ತನ್ನ ಸೆರಗನ್ನು ಎಳೆದುಕೊಂಡಳು. "ಅಡ್‌ಶೋ ನಹಿ," ಎಂದಳು. ಮುಟ್ಟಬೇಡ ಅಂತ. ಚಂಪಾ ಒಂದು ಹೆಜ್ಜೆ ಹಿಂದೆ ಸರಿದಳು. ಮುದುಕಿ ಇನ್ನೂ ಒಂದು ಹೆಜ್ಜೆ ಎಂದು ಕೈ ಬೀಸಿದಳು.

ಪೂಜಾರಿ ಹಾಲು ಸುರಿಯುತ್ತ ಮಹಿಮೆ ಹೇಳುತ್ತಿದ್ದ. ಹಿಂದಿ ಗುಜರಾತಿ ಎರಡೂ ಕಲಸಿದ ಮಾತು. ಏಳು ಮಹಡಿ ಮೇಲೆ ಬಿದ್ದರೂ ಒಂದು ಗೀರು ಇಲ್ಲ. ಇದು ಮನುಷ್ಯರು ಮಾಡಿದ್ದಲ್ಲ, ನರ್ಮದೆಯಲ್ಲಿ ತಾನೇ ಹುಟ್ಟಿದ ಲಿಂಗ. ನೋಡಿ, ಹಣೆಯ ಮೇಲೆ ಮೂರು ವಿಭೂತಿಪಟ್ಟೆ, ತಾನೇ ಮೂಡಿದ್ದು. ಇಗೋ ಈ ಶಾಂತಾಬಾ, ನಾಲ್ಕನೇ ಮಹಡಿಯವರು, ಮಗ ಮಾಧವಭಾಯಿಯನ್ನು ಇಲ್ಲೇ ಕಳೆದುಕೊಂಡವರು. ದಿನಾ ಬಂದು ತೀರ್ಥ ತೆಗೆದುಕೊಂಡ ಮೇಲೆಯೇ ಇವರಿಗೆ ಮನಸ್ಸಿಗೆ ಶಾಂತಿ.

ಬಿಳಿ ಸೀರೆಯ ಮುದುಕಿ ಪೀಠದ ಬಾಯಿಗೆ ಅಂಗೈ ಒಡ್ಡಿ, ಬಂದ ಹಾಲನ್ನು ಕಣ್ಣಿಗೊತ್ತಿ ಕುಡಿದಳು.

ದುರಗಪ್ಪನ ಹೊಟ್ಟೆ ಕುಲುಕಲಾರಂಭಿಸಿತು. ನಗೆ ತಡೆಯಲಾಗಲಿಲ್ಲ. ಆದರೂ ರೂಢಿ ಬಿಡದೆ ಕೈ ಜೋಡಿಸಿದ, ಬಾಗಿದ.

"ಲೇ ಜುಟ್ಟದ ಮಗನ, ಇದು ನನ್ನ ಹೇಣ್ತಿ ಬೋಟಿಗಿ ಮಸಾಲಿ ಅರಿಯೂ ಗುಂಡಲೇ! ಕುರಿ ಎಲುಬ ಜಜ್ಜಿದ ಗುಂಡಲೇ! ತಾನ ಹುಟ್ಟೈತಂತ. ನಿಮ್ಮಪ್ಪ ಹಡದಿದ್ದನೇನಲೇ ಇದನ್ನ? ಹಾಲ ಸುರೀತಾನ, ಹಾಲ! ಬಳ್ಳೊಳ್ಳಿ ಹಾಕಲೇ ಸೂಳಿಮಗನ!"

ಪೂಜಾರಿ ಇಂಥ ಭಕ್ತಿ ನೋಡಿ ಸಂತೋಷಪಟ್ಟು ಒಂದು ಹೂವು ಎಸೆದ.

"ಏಯ್! ಏನಂದೆ ನೀನು?"

ಹಿಂದಿನಿಂದ ಬಂದದ್ದು ಕನ್ನಡ. ಸ್ಪಷ್ಟವಾದ, ಇಸ್ತ್ರಿ ಹಾಕಿದಂಥ ಮೈಸೂರು ಕಡೆಯ ಕನ್ನಡ.

ದುರಗಪ್ಪನ ಕೈ ಜೋಡಿಸಿದಂತೆಯೇ ಉಳಿಯಿತು, ನಗು ಅಲ್ಲೇ ಅಂಟಿಕೊಂಡಿತು.

"ಸತ್ತಿ ಯಪ್ಪಾ," ಎಂದಳು ಚಂಪಾ.

ಅರ್ಧ ತೋಳಿನ ಸ್ವೆಟರ್, ಎದೆಗೆ ಟ್ರಸ್ಟಿನ ಬಿಲ್ಲೆ ಚುಚ್ಚಿಕೊಂಡಿದ್ದ ಮನುಷ್ಯ ಹತ್ತಿರ ಬಂದ. "ಕನ್ನಡದವ್ರಾ ನೀವು?"

"ಅಲ್ರಿ," ಎಂದ ದುರಗಪ್ಪ, ಕನ್ನಡದಲ್ಲೇ.

ಅವನ ಹೆಸರು ರಘುರಾಮ. ಇನ್ಶೂರೆನ್ಸ್ ಕಂಪನಿಯ ಅಧಿಕಾರಿ, ವರ್ಗವಾಗಿ ಬಂದು ಊರಿನ ಸ್ಯಾಟಲೈಟ್ ಬಡಾವಣೆಯಲ್ಲಿ ಮನೆ ಮಾಡಿದವನು, ಈ ಸ್ಮಾರಕದ ಕಾರ್ಯದರ್ಶಿ. ಇಬ್ಬರನ್ನೂ ಸಾಲಿನಿಂದ ಬಿಡಿಸಿ, ಜನ ನೋಡದಂತೆ ಪಕ್ಕದ ಆಫೀಸು ಕೋಣೆಗೆ ನಡೆಸಿಕೊಂಡು ಹೋದ. ಒಳಗೆ ಮೇಜಿನ ಹಿಂದೆ ಮನೋಜ್‌ಭಾಯ್ ಕೂತಿದ್ದ. ಮಂಥನ್ ಟವರ್ ಕಟ್ಟಿದವನೂ ಅವನೇ, ಅದು ಬಿದ್ದ ಮೇಲೆ ಸ್ಮಾರಕ ಕಟ್ಟಿದವನೂ ಅವನೇ. ಖಾಲಿ ಕುರ್ಚಿಗಳಿದ್ದವು. ಕೂರಿ ಎನ್ನಲಿಲ್ಲ.

"ಏನು ನಿಮ್ಮದು? ಹೇಳಿ," ಎಂದ ರಘುರಾಮ.

ಚಂಪಾ ಹೇಳಿದಳು. ತಾಡಪಾಲು, ನೀರಿನ ಕೊಡ, ಲಾರಿ, ಕಲ್ಲು. ಕಲ್ಲಿನ ಮೂರು ಗೀಟು ಯಾಕೆ ಬಂತು ಎಂಬುದನ್ನು ದುರಗಪ್ಪ ನಡುವೆ ಬಾಯಿ ಹಾಕಿ, ಗಾಳಿಯಲ್ಲಿ ಉಳಿ ಹೊಡೆದು ತೋರಿಸಿದ. ರಘುರಾಮನ ಮುಖ ಸಣ್ಣದಾಗುತ್ತ ಹೋಯಿತು. ಗಂಟಲಿನ ಹತ್ತಿರ ಒಮ್ಮೆ ಕೈಯಾಡಿಸಿಕೊಂಡ. ಅವನೂ ದಿನಾ ತೀರ್ಥ ಕುಡಿಯುವವನೇ.

"ಕ್ಯಾ ಬೋಲ್ ರಹೇ ಹೈ?" ಎಂದು ಮನೋಜ್‌ಭಾಯ್ ಕೇಳಿದ.

ರಘುರಾಮ ಸ್ವಲ್ಪ ಯೋಚಿಸಿದ. ಆಮೇಲೆ ಹಿಂದಿಯಲ್ಲಿ, ಇವರು ಕರ್ನಾಟಕದ ಬಡ ಭಕ್ತರು, ದೇವರ ಮಹಿಮೆ ಕೇಳಿ ದೂರದಿಂದ ದರ್ಶನಕ್ಕೆ ಬಂದಿದ್ದಾರೆ ಎಂದ.

"ಭಕ್ತ್?" ಚಂಪಾಳಿಗೆ ಅಷ್ಟು ಹಿಂದಿ ಬರುತ್ತಿತ್ತು. "ಯೇ ಸಾಬ್ ಝೂಟ್ ಬೋಲ್ತಾ. ವೋ ಪಥ್ಥರ್ ಮೇರಾ ಮಾ ಕಾ. ಮಟನ್ ಮಸಾಲಾ ಕಾ ಪಥ್ಥರ್. ಮೇರಾ ಮಾ ನೀಚೇ ಮರ್‌ಗಯಾ." ಸಾಹೇಬ ಸುಳ್ಳು ಹೇಳುತ್ತಿದ್ದಾನೆ, ಕಲ್ಲು ತನ್ನವ್ವನದು, ಅವ್ವ ಕೆಳಗೇ ಸತ್ತಳು ಅಂತ.

ಮನೋಜ್‌ಭಾಯ್ ಎದ್ದು ಬಾಗಿಲು ಮುಚ್ಚಿದ. ವಾಪಸು ಬಂದು ಕೂತ. ಅವನ ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ.

"ಬೇಸ್‌ಮೆಂಟ್ ಖಾಲೀ ಥಾ," ಎಂದ.

ಡ್ರಾಯರ್ ಎಳೆದು ಒಂದು ಪೇಡೆಯ ಡಬ್ಬಿ, ಪ್ಲಾಸ್ಟಿಕ್ ಹೊದಿಸಿದ ಒಂದು ಫೋಟೋ ತೆಗೆದು ಮೇಜಿನ ತುದಿಗೆ ನೂಕಿದ. ಫೋಟೋದಲ್ಲಿ ಹುಲಗವ್ವನ ಗುಂಡುಕಲ್ಲು, ಹೂವಿನ ಹಾರ ಹಾಕಿಕೊಂಡು. ಪ್ರಸಾದ ತೆಗೆದುಕೊಂಡು ಹೋಗಿ ಎಂದು ಕೈ ಆಡಿಸಿದ.

ರಘುರಾಮ ದನಿ ತಗ್ಗಿಸಿ ಕನ್ನಡಕ್ಕೆ ಬಂದ. "ನೋಡಮ್ಮ, ನಾನೂ ನಿಮ್ಮ ಕಡೆಯವ್ನೇ ಅಂದ್ಕೋ. ನಾವಿಲ್ಲಿ ಕನ್ನಡ ಸಂಘ ಅಂತ ಮಾಡ್ಕೊಂಡು ಮರ್ಯಾದೆಯಾಗಿ ಬದುಕ್ತಿದೀವಿ. ನೀವು ಬಂದು ಮಟನ್ನು ಗಿಟನ್ನು ಅಂತ ಅಸಹ್ಯ ಮಾಡಿದ್ರೆ ಕನ್ನಡದವರ ಮರ್ಯಾದೆ ಏನಾಗ್ಬೇಕು?"

"ಮರ್ಯಾದಿ ನಿಮ್ಮದು ನೀವ ಇಟ್ಕೋರಿ. ಕಲ್ಲ ನಮ್ಮದು ನಮಗ ಕೊಡ್ರಿ."

"ಆಯ್ತು, ನಿಮ್ಮದೇ ಅಂತಿಟ್ಕೋ. ತಗೊಂಡ್ಹೋಗಿ ಏನ್ಮಾಡ್ತೀಯ? ಮೆಣಸಿನಕಾಯಿ ಅರೀತೀಯ. ಇಲ್ಲಿ ದಿನಾ ಹಾಲಿನ ಅಭಿಷೇಕ ಆಗ್ತಿದೆ. ಎಂಥೆಂಥ ಮನೆತನದವರು ಬಂದು ಕೈಮುಗೀತಾರೆ. ನಿಮ್ಮಮ್ಮನಿಗೆ ಇದಕ್ಕಿಂತ ಪುಣ್ಯ ಇದೆಯಾ? ಬದುಕಿದ್ದಾಗ ಸಿಗ್ತಿತ್ತಾ ಇದು?"

ಚಂಪಾ ಮೇಜಿನ ಮೇಲಿನ ಫೋಟೋ ನೋಡಿದಳು.

"ಹಂಗಾರ ಒಂದ ಕೆಲಸಾ ಮಾಡ್ರಿ ಸಾಹೇಬ್ರ. ಕಲ್ಲ ಇಲ್ಲೇ ಇರ್ಲಿ, ನಾ ಕೇಳಂಗಿಲ್ಲ. ಹುಲಗವ್ವನ ಗುಂಡ ಅಂತ ಅಲ್ಲಿ ಬರಸ್ರಿ. ಅಕಿ ಇಲ್ಲೇ ಸತ್ಲು ಅಂತ ಆ ಜುಟ್ಟದವಗ ಮಹಿಮಾ ಹೇಳೂಮುಂದ ಹೇಳಾಕ ಹಚ್ರಿ. ನಾವು ಕೈಮುಗದ ಹೊಕ್ಕೀವಿ."

"ಅದಾಗಲ್ಲಮ್ಮ."

"ಯಾಕ ಆಗೂದಿಲ್ಲ?"

ರಘುರಾಮ ಮನೋಜ್‌ಭಾಯಿಯ ಕಡೆ ನೋಡಿದ, ಮೇಜಿನ ಕಡೆ ನೋಡಿದ. "ಬೇಸ್‌ಮೆಂಟು ಖಾಲಿ ಇತ್ತಲ್ಲಮ್ಮ," ಎಂದ.

ದುರಗಪ್ಪ ಪೇಡೆಯ ಡಬ್ಬಿ ಎತ್ತಿಕೊಂಡು, ಮುಚ್ಚಳ ತೆಗೆದು, ಒಂದನ್ನು ಬಾಯಿಗೆ ಹಾಕಿಕೊಂಡ. "ಹೆಂಗೂ ಸತ್ತಿಲ್ಲಂತಾರ," ಎಂದ ಪೇಡೆ ಜಗಿಯುತ್ತ, "ಹಂಗಾರ ಎಲ್ಲಿ ಇಟ್ಟಾರಂತ ಕೇಳ. ಕರ್ಕೊಂಡ ಹೋಗೂಣು. ನನಗ ಬ್ಯಾಸರಾಗೇತಿ ರೊಟ್ಟಿ ಬಡದ ಬಡದ."

ಮನೋಜ್‌ಭಾಯ್ ಬಾಗಿಲ ಕಡೆ ಬೆರಳು ತೋರಿಸಿದ.

ಬಾಗಿಲಿನ ಚೌಕಟ್ಟಿಗೆ ಯಾರ ಕಣ್ಣೂ ತಾಗದಿರಲೆಂದು ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ದಾರಕ್ಕೆ ಪೋಣಿಸಿ ತೂಗುಬಿಟ್ಟಿದ್ದರು. ಆವತ್ತಿನದೇ, ಹಸಿರು ಇನ್ನೂ ಮಾಸಿರಲಿಲ್ಲ. ಚಂಪಾ ಹೊರಗೆ ಕಾಲಿಟ್ಟವಳು ನಿಂತು ಮೇಲೆ ನೋಡಿದಳು. ಕೈಯೆತ್ತಿ ಒಂದೇ ಜಗ್ಗಿಗೆ ಕಿತ್ತಳು.

"ಏಯ್, ಅದು ಮುಟ್ಬಾರ್ದು!" ಎಂದ ರಘುರಾಮ.

ಅವಳು ಆಗಲೇ ಕೊನೆಯ ಕೋಣೆಗೆ ಹೋಗಿದ್ದಳು. ಸಾಲನ್ನು ಸೀಳಿಕೊಂಡು, ಸೀರೆ ಮೊಣಕಾಲಿಗೆ ಎತ್ತಿ ಕಟಾಂಜನ ದಾಟಿದಳು. ಆರತಿಯ ಬತ್ತಿ ಹೊಸೆಯುತ್ತ ಕೂತಿದ್ದ ಪೂಜಾರಿ ತಲೆಯೆತ್ತುವಷ್ಟರಲ್ಲಿ ಹಾಲಿನ ಪಾತ್ರೆಯನ್ನು ಪಕ್ಕಕ್ಕೆ ನೂಕಿ, ಪೀಠದ ಎದುರು ಕಾಲು ಚಾಚಿ ಕೂತುಬಿಟ್ಟಿದ್ದಳು. ಹೂವುಗಳನ್ನು ಬಾಚಿ ಕೆಳಗೆ ಹಾಕಿದಳು. ಕಲ್ಲನ್ನು ಎರಡೂ ಕೈಯಲ್ಲಿ ಅಲುಗಿಸಿದಳು. ಸಿಮೆಂಟು ಹಾಕಿರಲಿಲ್ಲ. ಪೀಠದ ಕುಳಿಯನ್ನು ನೋಡಿದಳು. ಬೆರಳಿನಿಂದ ಒರೆಸಿದಳು.

"ಯಪ್ಪಾ, ಇದೂ ಕಾರಾ ಅರಿಯೂ ಒಳ್ಳ ಇದ್ದಂಗ ಐತಲ್ಲೋ," ಎಂದಳು.

ಮೆಣಸಿನಕಾಯಿಗಳನ್ನು ದಾರದಿಂದ ಕಿತ್ತು ಕುಳಿಗೆ ಹಾಕಿದಳು. ನಿಂಬೆಯನ್ನು ಹಲ್ಲಿನಿಂದ ಕಚ್ಚಿ ಹಿಂಡಿದಳು. ಬೆರಳುಗಳು ಹುಡುಕದೆಯೇ ಮೂರು ಗೀಟುಗಳ ಮೇಲೆ ಕೂತವು. ಗುಂಡು ತಿರುಗಿತು.

ಗರ್ರ್. ಗರ್ರ್.

ಪೂಜಾರಿಯ ಕೂಗಿಗೆ ವಾಚ್‌ಮನ್ ಓಡಿ ಬಂದ. ಒಂದು ಕಾಲು ಕಟಾಂಜನದ ಒಳಗೆ ಹಾಕಿದ್ದೇ ಪೂಜಾರಿ ಅವನ ಮೇಲೇ ಎಗರಿದ: "ಬೂಟು! ಗರ್ಭಗುಡಿಗೆ ಬೂಟು! ಬಿಚ್ಚು, ಮೊದಲು ಬಿಚ್ಚು!" ವಾಚ್‌ಮನ್ ಅಲ್ಲೇ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ. ಗಂಟು ಬಿದ್ದಿತ್ತು. ಪೂಜಾರಿ ತಾನೇ ಹಿಡಿಯಲು ಮುಂದೆ ಬಂದು, ಚಂಪಾಳ ಸೀರೆ ಕಂಡು, ಕೈ ಹಿಂದೆಳೆದುಕೊಂಡ. ಮತ್ತೆ ಬಂದ, ಮತ್ತೆ ಎಳೆದುಕೊಂಡ.

ಘಾಟು ಎದ್ದಿತು. ಸಾಲಿನಲ್ಲಿ ಒಬ್ಬ ಕೆಮ್ಮಿದ, ಇನ್ನೊಬ್ಬ ಸೀನಿದ. ದುರಗಪ್ಪ ಕಟಾಂಜನಕ್ಕೆ ಒರಗಿ ನಿಂತು, ಈ ಸಲ ಕೈಮುಗಿಯದೆ, ತನಗೆ ಬರುವ ಹಿಂದಿಯಲ್ಲಿ ಸಾಲಿನವರಿಗೆಲ್ಲ ಮಹಿಮೆ ಹೇಳುತ್ತಿದ್ದ: "ಮೇರಾ ಔರತ್ ಕಾ ಪಥ್ಥರ್. ಮೈ ಬನಾಯಾ. ಬಕ್ರಾ ಮಸಾಲಾ, ಮುರ್ಗೀ ಮಸಾಲಾ, ಸಬ್ ಇಸ್ಮೇ." ಬಕ್ರಾ ಎಂಬ ಮಾತಿಗೆ ರೇಷ್ಮೆ ಜುಬ್ಬದವನೊಬ್ಬ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದ. ಗಡಿಯಾರಗಳಿದ್ದ ಕೋಣೆಯಿಂದ ಅವನು ಓಕರಿಸುವ ಸದ್ದು ಕೇಳಿಬಂತು.

ಮನೋಜ್‌ಭಾಯ್ ಜನರನ್ನು ತಳ್ಳಿಕೊಂಡು ಬಂದ. ಮೂಗಿನಲ್ಲಿ ನೀರು. "ಕ್ಯಾ ದೇಖ್ ರಹೇ ಹೋ? ಅರೇ ಪಥ್ಥರ್ ಹೈ, ಛೀನ್ ಲೋ!"

ದೇವರನ್ನು ಪಥ್ಥರ್, ಬರೀ ಕಲ್ಲು, ಕಿತ್ತುಕೊಳ್ಳಿ ಎಂದದ್ದು ಕೇಳಿ ಪೂಜಾರಿ ಅವನ ಕಡೆ ತಿರುಗಿ ನೋಡಿದ. ಸಾಲಿನವರೂ ನೋಡಿದರು. ಮನೋಜ್‌ಭಾಯ್ ಮತ್ತೆ ಬಾಯಿ ತೆರೆದ, ಸೀನು ಬಂತು.

ಗರ್ರ್. ಗರ್ರ್.

ಸಾಲಿನ ಮುಂದೆ ನಿಂತಿದ್ದ ಶಾಂತಾಬಾ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಕೆಮ್ಮುತ್ತಿರಲಿಲ್ಲ. ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದಳು. ಆಮೇಲೆ ಸೆರಗು ಇಳಿಸಿ ಗುಜರಾತಿಯಲ್ಲಿ ಮಾತಾಡಿದಳು. ಯಾರಿಗೆ ಹೇಳಿದಳೋ ಗೊತ್ತಾಗಲಿಲ್ಲ.

"ಇದೇ ಸದ್ದು," ಎಂದಳು. "ದಿನಾ ಬೆಳಿಗ್ಗೆ ಇದೇ ಸದ್ದು. ಕೆಳಗಿನಿಂದ ಪೈಪಿನೊಳಗೆ ಹಾದು ನನ್ನ ಅಡುಗೆಮನೆಗೆ ಬರುತ್ತಿತ್ತು. ಜಪ ಮಾಡಲು ಬಿಡುತ್ತಿರಲಿಲ್ಲ."

"ಶಾಂತಾಬಾ, ನೀವು ಹೊರಗೆ ನಡೀರಿ, ಘಾಟು ಇದೆ," ಎಂದ ಮನೋಜ್‌ಭಾಯ್.

"ನಿನಗೇ ಅಲ್ಲವೇನೋ ನಾನು ಹೇಳಿ ಕಳಿಸಿದ್ದು, ಕೆಳಗಿನ ಕೂಲಿ ಹೆಂಗಸನ್ನು ಖಾಲಿ ಮಾಡಿಸು ಅಂತ? ಮಾಧವನೇ ಬಂದು ನಿನ್ನ ಆಫೀಸಿನಲ್ಲಿ ಜಗಳ ಆಡಿ ಬಂದಿದ್ದ. ಹತ್ತು ದಿನ ಇರಲಿ, ಕಲ್ಲಿನ ಕೆಲಸ ಮುಗಿದರೆ ಕಳಿಸುತ್ತೇನೆ ಅಂದಿದ್ದೆ ನೀನು."

ಮನೋಜ್‌ಭಾಯ್ ಮೂಗು ಒರೆಸಿಕೊಂಡ. ಸಾಲಿನವರು ಅವನ ಕಡೆ ತಿರುಗಿದರು. ವಾಚ್‌ಮನ್ ಒಂದು ಬೂಟು ಕೈಯಲ್ಲಿ ಹಿಡಿದು ನಿಂತಿದ್ದ. ಚಂಪಾಳಿಗೆ ಗುಜರಾತಿ ಅರ್ಧ ತಿಳಿಯಿತು. ಅರ್ಧ ಸಾಕಾಗಿತ್ತು. ಅವಳ ಕೈ ನಿಲ್ಲಲಿಲ್ಲ, ಆದರೆ ಗುಂಡು ಸ್ವಲ್ಪ ನಿಧಾನವಾಯಿತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು; ಮೆಣಸಿನಕಾಯಿ ಬಹಳ ಖಾರವಾಗಿತ್ತು.

"ಏನಂತಾಳ ಆ ಮುದಿಕಿ?" ಎಂದ ದುರಗಪ್ಪ.

"ಅವ್ವ ಇದ್ಲಂತ," ಎಂದಳು ಚಂಪಾ.

ಪೀಠದ ಬಾಯಿಯಿಂದ ಉಳಿದ ಹಾಲಿನ ಜೊತೆ ಹಸಿರು ನೀರು ತೊಟ್ಟಿಕ್ಕಲು ಶುರುವಾಯಿತು. ಶಾಂತಾಬಾ ಅದನ್ನು ನೋಡಿದಳು. ದಿನದಿನದ ರೂಢಿಯೋ ಏನೋ, ಬಲಗೈಯನ್ನು ಮುಂದೆ ಚಾಚಿ ಅಂಗೈ ಒಡ್ಡಿದಳು. "ಶಾಂತಾಬಾ!" ಎಂದು ಪೂಜಾರಿ ಚೀರಿದ. ಮುದುಕಿ ಕಣ್ಣಿಗೊತ್ತಿಕೊಳ್ಳಲು ಹೋಗಿ, ಏನೋ ನೆನಪಾಗಿ ತಡೆದು, ನಾಲಿಗೆಯ ತುದಿಗೆ ಹಚ್ಚಿಕೊಂಡಳು. ಬಾಯಿ ಚಪ್ಪರಿಸಿದಳು.

"ಮೀಠುಂ ನಥೀ," ಎಂದಳು.

"ಸೀ ಇಲ್ಲಂತೇನ?" ಎಂದ ದುರಗಪ್ಪ.

"ಇವರ ಮಾತಿನ್ಯಾಗ ಮೀಠುಂ ಅಂದ್ರ ಉಪ್ಪ, ಯಪ್ಪಾ. ಉಪ್ಪಿಲ್ಲಂತ."

ಯಾರೋ ಫೋನು ಮಾಡಿದ್ದರೋ ಏನೋ, ಹೊರಗೆ ಗೇಟಿನ ಹತ್ತಿರ ಪೊಲೀಸ್ ಜೀಪು ನಿಂತ ಸದ್ದಾಯಿತು. ವಾಚ್‌ಮನ್ ಎರಡನೆಯ ಬೂಟು ಬಿಚ್ಚಿ ಮುಗಿಸಿದ್ದ. ಚಂಪಾ ಎಡಗೈಯಿಂದ ಚಟ್ನಿಯನ್ನು ಕುಳಿಯ ನಡುವಿಗೆ ಸರಿಸಿ, ಬಾಗಿಲಲ್ಲಿ ಕರ್ಚೀಫು ಹಿಡಿದು ನಿಂತಿದ್ದ ರಘುರಾಮನ ಕಡೆ ಮುಖ ಎತ್ತಿದಳು.

"ಸಾಹೇಬ್ರ, ಇದನ್ನರ ಹಿಂದಿಯಾಗ ಬರೋಬ್ಬರಿ ತಿಳಸ್ರಿ ನಿಮ್ಮ ಸೇಠಗ. ಉಪ್ಪ ತರಸಂತ."